ಎಸ್ಸೆಸ್ಸೆಲ್ಸಿ ಪಟ್ಟಿ ನೋಡಿ ಸರ್ಕಾರಿ ಶಾಲೆಯನ್ನು ಅಳೆಯಬಹುದಾ? ಮಕ್ಕಳು ಯಾರು, ದುಡ್ಡು ಎಷ್ಟು, ಕಲಿಕೆ ಎಲ್ಲಿ?

ಬಯಲುಸೀಮೆಯವನು:
ಪ್ರತಿ ವರ್ಷ ಮೇ ತಿಂಗಳು ಬಂದರೆ ಅದೇ ಪಟ್ಟಿ. ಯಾವ ಜಿಲ್ಲೆ ಫಸ್ಟು, ಯಾವ ಜಿಲ್ಲೆ ಲಾಸ್ಟು. 2024ರಲ್ಲಿ ಉಡುಪಿ ಶೇ. 94, ಯಾದಗಿರಿ ಶೇ. 50.59. 2025ರಲ್ಲಿ ದಕ್ಷಿಣ ಕನ್ನಡ ಶೇ. 91.12, ಕಲಬುರಗಿ ಶೇ. 42.43. ಆಮೇಲೆ ಒಂದು ವಾರ ಎಲ್ಲರೂ ಕೆಳಗಿನ ಜಿಲ್ಲೆಯ ಮೇಷ್ಟ್ರುಗಳನ್ನು ಬೈಯುತ್ತಾರೆ, ಮೇಲಿನ ಜಿಲ್ಲೆಯವರ ಬೆನ್ನು ತಟ್ಟುತ್ತಾರೆ. ಜೂನ್ ಬಂದರೆ ಎಲ್ಲ ಮರೆತುಹೋಗುತ್ತದೆ.

ಆ ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಪಟ್ಟಿ ಇಟ್ಟು ನೋಡಿ. 2011ರ ಜನಗಣತಿಯ ಸಾಕ್ಷರತೆ. ದಕ್ಷಿಣ ಕನ್ನಡ ಶೇ. 88.57, ಉಡುಪಿ ಶೇ. 86.24, ರಾಯಚೂರು ಶೇ. 59.56, ಯಾದಗಿರಿ ಶೇ. 51.83. ಹದಿನೈದು ವರ್ಷ ಹಳೆಯ ಲೆಕ್ಕ ಈಗ ಯಾಕೆ ಅಂತ ಕೇಳಬೇಡಿ. ಈಗ ಹತ್ತನೇ ಕ್ಲಾಸು ಬರೆಯುವ ಮಕ್ಕಳು ಹುಟ್ಟಿದ್ದು ಆಸುಪಾಸು ಅದೇ ಹೊತ್ತಿಗೆ. ಆ ಲೆಕ್ಕದಲ್ಲಿ ಓದು ಬಾರದವರು ಅಂತ ಸೇರಿದವರೇ ಈ ಮಕ್ಕಳ ಅಪ್ಪ ಅಮ್ಮ. ಅಂದರೆ ನಾವು ಮೇ ತಿಂಗಳಲ್ಲಿ ಶಾಲೆಗೆ ಕೊಡುವ ಮಾರ್ಕ್ಸ್‌ನಲ್ಲಿ ಅರ್ಧ ಮನೆಯದು.

ಇನ್ನೊಂದು ವಿಷಯ. 2024ರಲ್ಲಿ ಸರ್ಕಾರಿ ಶಾಲೆಗಳ ಫಲಿತಾಂಶ ಶೇ. 72.46, ಅನುದಾನಿತ (ಆಡಳಿತ ಖಾಸಗಿಯವರದ್ದು, ಸಂಬಳ ಸರ್ಕಾರದ್ದು) ಶೇ. 72.22, ಅನುದಾನರಹಿತ ಶೇ. 86.46. ಖಾಸಗಿಯವರು ನಡೆಸುವುದರಿಂದಲೇ ಚೆನ್ನಾಗಿ ಓದಿಸುತ್ತಾರೆ ಅನ್ನುವುದಾದರೆ, ಅನುದಾನಿತ ಶಾಲೆಗಳೂ ಖಾಸಗಿ ಆಡಳಿತದವೇ ಅಲ್ವಾ? ಅವು ಯಾಕೆ ಸರ್ಕಾರಿ ಶಾಲೆಯ ಪಕ್ಕದಲ್ಲೇ ನಿಂತಿವೆ? ನನ್ನ ಉತ್ತರ ಇಷ್ಟೇ: ಫೀಸು ಕೇಳದ ಶಾಲೆಗೆ ಬರುವ ಮಕ್ಕಳು ಎರಡೂ ಕಡೆ ಹೆಚ್ಚೂಕಡಿಮೆ ಒಂದೇ ಥರದ ಮನೆಯವರು.

ಮಕ್ಕಳು ಯಾರು, ದುಡ್ಡು ಹೇಗೆ ಹಂಚಿಕೆ ಆಗುತ್ತೆ, ಕಲಿಕೆ ಎಲ್ಲಿ ನಿಂತಿದೆ. ಈ ಮೂರನ್ನೂ ಒಟ್ಟಿಗೆ ಇಟ್ಟು ಮಾತಾಡೋಣ ಅಂತ ಆಸೆ. ಮೇಷ್ಟ್ರುಗಳು, ಪೋಷಕರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.

ಹಳೇ ಬೆಂಚು:
ದುಡ್ಡಿಗೇನು ಕೊರತೆ ಸ್ವಾಮಿ? 2025-26ರ ಬಜೆಟ್‌ನಲ್ಲಿ ಶಿಕ್ಷಣಕ್ಕೆ 45,286 ಕೋಟಿ ರೂ. ಯಾವ ಇಲಾಖೆಗೆ ಇಷ್ಟು ಸಿಗುತ್ತೆ? ಪಾಠಪುಸ್ತಕ ಫ್ರೀ, ಸಮವಸ್ತ್ರ ಫ್ರೀ, ಶೂ ಫ್ರೀ, ಹಾಲು, ಮೊಟ್ಟೆ, ಊಟ. ನಮ್ಮ ಕಾಲದಲ್ಲಿ ಇದರಲ್ಲಿ ಒಂದೂ ಇರಲಿಲ್ಲ. ನಾವು ಓದಲಿಲ್ವಾ? ಬಡತನ ಬಡತನ ಅಂತ ಎಷ್ಟು ದಿನ ಹೇಳೋದು. ಪಾಠ ಮಾಡಬೇಕಾದವರು ಮಾಡಿದರೆ ಎಲ್ಲ ಸರಿಯಾಗುತ್ತೆ.

ಕಡತದ ಹುಳು:
ಹಳೇ ಬೆಂಚು ಸರ್, ಆ 45 ಸಾವಿರ ಕೋಟಿಯನ್ನು ಸ್ವಲ್ಪ ಬಿಡಿಸಿ ನೋಡೋಣ.

ಮೊದಲನೆಯದು, ಅದು ಬರೀ ಪ್ರಾಥಮಿಕ ಮತ್ತು ಪ್ರೌಢಶಾಲೆಯ ದುಡ್ಡಲ್ಲ. ಕಾಲೇಜು, ವಿಶ್ವವಿದ್ಯಾಲಯ ಎಲ್ಲ ಅದರೊಳಗೇ ಬರುತ್ತೆ. ಒಟ್ಟು ಬಜೆಟ್ 4.09 ಲಕ್ಷ ಕೋಟಿ, ಅದರಲ್ಲಿ ಶಿಕ್ಷಣದ ಪಾಲು ಶೇ. 11ರ ಹತ್ತಿರ. ಹಿಂದಿನ ವರ್ಷ 44,422 ಕೋಟಿ ಇತ್ತು. ಬೆಲೆ ಏರಿಕೆ ಕಳೆದರೆ ಏರಿದ್ದು ಏನೂ ಇಲ್ಲ ಅಂತಲೇ ಲೆಕ್ಕ.

ಎರಡನೆಯದು, ಇದರಲ್ಲಿ ದೊಡ್ಡ ಪಾಲು ಸಂಬಳ ಮತ್ತು ಪಿಂಚಣಿ. ಅದು ತಪ್ಪಲ್ಲ, ಶಾಲೆ ಅಂದರೆ ಮೇಷ್ಟ್ರೇ. ಆದರೆ "ಶಾಲೆಗೆ ಕೋಟಿ ಕೋಟಿ ಕೊಡ್ತಾರೆ" ಅನ್ನುವಾಗ ಹೆಡ್‌ಮಾಸ್ಟರ್ ಕೈಗೆ ಬರುವುದೆಷ್ಟು ಅಂತ ಗೊತ್ತಿರಬೇಕು. ಸಮಗ್ರ ಶಿಕ್ಷಾ ಅನ್ನುವ ಶಾಲಾ ಯೋಜನೆಯಲ್ಲಿ ಕೇಂದ್ರದ್ದು 60, ರಾಜ್ಯದ್ದು 40 ಪಾಲು. ಅದರಡಿ ಶಾಲಾ ಅನುದಾನ ಅಂತ ವರ್ಷಕ್ಕೊಮ್ಮೆ ಬರುತ್ತೆ. ಅದು ತಲೆ ಎಣಿಸಿ ಕೊಡುವ ದುಡ್ಡು. 30 ಮಕ್ಕಳವರೆಗೆ 10 ಸಾವಿರ ರೂ. 100ರವರೆಗೆ 25 ಸಾವಿರ. 250ರವರೆಗೆ 50 ಸಾವಿರ. ಸಾವಿರದವರೆಗೆ 75 ಸಾವಿರ, ಅದರ ಮೇಲೆ ಒಂದು ಲಕ್ಷ.

28 ಮಕ್ಕಳ ಶಾಲೆಗೆ ವರ್ಷಕ್ಕೆ 10 ಸಾವಿರ ಅಂದರೆ ತಿಂಗಳಿಗೆ 833 ರೂ. ಸೀಮೆಸುಣ್ಣ, ರಿಜಿಸ್ಟರ್, ಪೊರಕೆ, ಫಿನಾಯಿಲ್, ಒಡೆದ ನಲ್ಲಿ, ಹಾರಿಹೋದ ಹೆಂಚು ಎಲ್ಲ ಇದರಲ್ಲೇ. ಮೊದಲು ಕರೆಂಟ್ ಬಿಲ್ ಕೂಡ ಇದರಲ್ಲೇ ಕಟ್ಟಬೇಕಿತ್ತು. 2023ರ ರಾಜ್ಯೋತ್ಸವದ ದಿನ ಸರ್ಕಾರಿ ಶಾಲೆಗಳಿಗೆ ಕರೆಂಟು, ನೀರು ಉಚಿತ ಅಂತ ಘೋಷಣೆ ಆಯಿತು. ಅಷ್ಟರಮಟ್ಟಿಗೆ ಉಸಿರು ಬಂತು.

ಹೆಂಚು ಹಾರಿಹೋಗುವುದಕ್ಕೂ ಮಕ್ಕಳ ಸಂಖ್ಯೆಗೂ ಸಂಬಂಧ ಇಲ್ಲ. ಮಳೆ 28 ಮಕ್ಕಳ ಶಾಲೆಗೂ ಅಷ್ಟೇ ಬೀಳುತ್ತೆ, 280 ಮಕ್ಕಳ ಶಾಲೆಗೂ ಅಷ್ಟೇ ಬೀಳುತ್ತೆ.

ಮಲೆನಾಡ ಮೇಷ್ಟ್ರು:
ಮಳೆ ವಿಷಯಕ್ಕೆ ಬಂದಿದ್ದಕ್ಕೆ ನಾನೂ ಬರೆಯುತ್ತೇನೆ. ನಮ್ಮದು ಕಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಐದನೇ ಕ್ಲಾಸು, ಮಕ್ಕಳು 11, ಮೇಷ್ಟ್ರು ನಾನೊಬ್ಬನೇ. ಕಾನೂನಿನ ಪ್ರಕಾರ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಇರಬೇಕು. ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲೇ ಹಾಗೆ ಬರೆದಿದೆ. ರಾಜ್ಯದಲ್ಲಿ ನನ್ನಂಥ ಏಕೋಪಾಧ್ಯಾಯ ಶಾಲೆಗಳು ಸಾವಿರಾರು ಇವೆ.

ಬೆಳಿಗ್ಗೆ ಬೀಗ ತೆಗೆಯುವುದು ನಾನೇ. ಪ್ರಾರ್ಥನೆ, ಹಾಜರಿ, ಹಾಲು. ಒಂದರಿಂದ ಮೂರನೇ ಕ್ಲಾಸಿನವರನ್ನು ನಲಿ ಕಲಿ ತಟ್ಟೆಗಳಲ್ಲಿ, ಅಂದರೆ ಗುಂಪುಗಳಲ್ಲಿ ಕೂರಿಸಿ ಕಲಿಕೆಯ ಕಾರ್ಡು ಕೊಡುತ್ತೇನೆ. ನಾಲ್ಕು, ಐದರವರಿಗೆ ಗಣಿತ ಶುರು ಮಾಡುವ ಹೊತ್ತಿಗೆ ಚಿಕ್ಕವರಲ್ಲಿ ಒಬ್ಬ ಕಾರ್ಡು ಮುಗಿಸಿ ಬಂದು ಪಕ್ಕದಲ್ಲಿ ನಿಂತಿರುತ್ತಾನೆ. ಅಷ್ಟರಲ್ಲಿ ನಮ್ಮ ಕಡೆಯ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ ಫೋನು, ಮಕ್ಕಳ ಮಾಹಿತಿ ತುಂಬುವ ಎಸ್‌ಎಟಿಎಸ್‌ನಲ್ಲಿ ಒಂದು ಮಾಹಿತಿ ಬಾಕಿ ಇದೆ, ಈಗಲೇ ಹಾಕಿ ಅಂತ. ನೆಟ್‌ವರ್ಕ್ ಸಿಗಬೇಕಾದರೆ ಗೇಟಿನ ಹತ್ತಿರ ಹೋಗಬೇಕು. ಗೇಟಿನಲ್ಲಿ ನಿಂತು ಒಂದು ಕಣ್ಣು ಮೊಬೈಲ್ ಮೇಲೆ, ಇನ್ನೊಂದು ಕಣ್ಣು ಕ್ಲಾಸಿನ ಮೇಲೆ.

ನಲಿ ಕಲಿ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಅದು 90ರ ದಶಕದಲ್ಲಿ ಎಚ್.ಡಿ. ಕೋಟೆಯಲ್ಲಿ ಮೇಷ್ಟ್ರುಗಳೇ ಕೂತು ಬೆಳೆಸಿದ ಪದ್ಧತಿ. ಬೇರೆ ಬೇರೆ ಮಟ್ಟದ ಮಕ್ಕಳು ಒಂದೇ ಕೋಣೆಯಲ್ಲಿ ಕಲಿಯಲಿ ಅಂತಲೇ ಮಾಡಿದ್ದು. ಆದರೆ ಅದಕ್ಕೆ ಮೇಷ್ಟ್ರು ಕೋಣೆಯೊಳಗೆ ಇರಬೇಕು. ನಾನು ತರಬೇತಿಗೋ ಮೀಟಿಂಗಿಗೋ ಹೋದರೆ ಪಕ್ಕದ ಶಾಲೆಯಿಂದ ಒಬ್ಬರನ್ನು ಕಳಿಸುತ್ತಾರೆ. ಆಗ ಆ ಶಾಲೆಯಲ್ಲಿ ಒಂದು ಕ್ಲಾಸು ಖಾಲಿ.

ಹೋದ ವರ್ಷ ಊರಿನ ಇಬ್ಬರು ಮಕ್ಕಳ ಟಿಸಿ ತೆಗೆದುಕೊಂಡು ಹೋದರು. ಪೇಟೆಯ ಶಾಲೆಯ ವ್ಯಾನು ನಮ್ಮ ರಸ್ತೆಗೂ ಬರಲು ಶುರುವಾಗಿದೆ. "ನೀವು ಒಳ್ಳೆಯವರೇ ಮೇಷ್ಟ್ರೇ, ಆದರೆ ನೀವೊಬ್ಬರೇ ಅಲ್ವಾ" ಅಂದರು ಅವರ ತಾಯಿ. ನಾನು ಏನು ಹೇಳಲಿ? ಮಕ್ಕಳು ಕಡಿಮೆ ಅಂತ ಇನ್ನೊಬ್ಬ ಮೇಷ್ಟ್ರನ್ನು ಕೊಡಲ್ಲ. ಇನ್ನೊಬ್ಬ ಮೇಷ್ಟ್ರು ಇಲ್ಲ ಅಂತ ಮಕ್ಕಳು ಬರಲ್ಲ.

ತುಂಗಾ ತೀರ:
ಮೇಷ್ಟ್ರೇ, ನಿಮ್ಮ ಕಷ್ಟ ಅರ್ಥ ಆಗುತ್ತೆ. ಆದರೆ 11 ಮಕ್ಕಳಿಗೆ ಒಂದು ಶಾಲೆ ಯಾಕೆ ಬೇಕು? ಐದಾರು ಊರಿನ ಮಕ್ಕಳನ್ನು ಒಂದು ಕಡೆ ಸೇರಿಸಿ ದೊಡ್ಡ ಶಾಲೆ ಮಾಡಿದರೆ ವಿಷಯಕ್ಕೊಬ್ಬರು ಮೇಷ್ಟ್ರು ಸಿಗುತ್ತಾರೆ, ಲ್ಯಾಬು, ಲೈಬ್ರರಿ, ಮೈದಾನ ಎಲ್ಲ ಇರುತ್ತೆ. ಕರ್ನಾಟಕ ಪಬ್ಲಿಕ್ ಶಾಲೆ ಮಾಡಿದ್ದು ಇದಕ್ಕೇ ಅಲ್ವಾ? ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಕಾಂಪೌಂಡು. ನಮ್ಮ ಹೋಬಳಿಯ ಕೆಪಿಎಸ್‌ಗೆ ಸೀಟಿಗಾಗಿ ಕ್ಯೂ ನಿಲ್ಲುತ್ತಾರೆ. ಖಾಸಗಿ ಶಾಲೆ ಬಿಡಿಸಿ ಅಲ್ಲಿಗೆ ಹಾಕಿದವರೂ ಇದ್ದಾರೆ. ಹುಟ್ಟುವ ಮಕ್ಕಳೇ ಕಡಿಮೆ ಆಗುತ್ತಿರುವಾಗ ಊರಿಗೊಂದು ಶಾಲೆ ಉಳಿಸುತ್ತೇವೆ ಅನ್ನುವುದು ಬರೀ ಭಾವುಕತೆ.

ಕಡತದ ಹುಳು:
ಹುಟ್ಟುವ ಮಕ್ಕಳು ಕಡಿಮೆ ಅನ್ನುವುದು ನಿಜ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (ಎನ್‌ಎಫ್‌ಎಚ್‌ಎಸ್-5) ಪ್ರಕಾರ ರಾಜ್ಯದಲ್ಲಿ ಹೆಣ್ಣೊಬ್ಬಳಿಗೆ ಸರಾಸರಿ 1.7 ಮಕ್ಕಳು. ಶಾಲೆಗೆ ಬರುವ ಮಕ್ಕಳು ಒಟ್ಟಾರೆಯೇ ಇಳಿಯುತ್ತಾರೆ. ಅದಕ್ಕೆ ಮೇಷ್ಟ್ರು ಹೊಣೆ ಅಲ್ಲ, ಸರ್ಕಾರವೂ ಹೊಣೆ ಅಲ್ಲ.

ಕೆಪಿಎಸ್ ವಿಷಯಕ್ಕೆ ಬಂದರೆ, ಅವು 2018-19ರಲ್ಲಿ ಶುರುವಾದವು. 2025-26ರ ಬಜೆಟ್‌ನಲ್ಲಿ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್ ನೆರವಿನಿಂದ 2,500 ಕೋಟಿಯಲ್ಲಿ ಇನ್ನೂ 500 ಮಾಡುತ್ತೇವೆ ಅಂದಿದ್ದಾರೆ. ರಾಜ್ಯದಲ್ಲಿ ಸರ್ಕಾರಿ ಶಾಲೆಗಳು 49 ಸಾವಿರದ ಹತ್ತಿರ ಇವೆ. 500 ಶಾಲೆ ಚೆನ್ನಾಗಿ ಆಗಲಿ, ಸಂತೋಷ. ಉಳಿದವುಗಳ ಕಥೆ ಏನು ಅನ್ನುವುದೇ ಜಗಳ.

ಶಾಲೆ ಪಕ್ಕದ ಮನೆ:
ತುಂಗಾ ತೀರ ಅವರೇ, ಭಾವುಕತೆ ಅಂದಿರಿ. ನಾನು ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸದಸ್ಯೆ. ನಮ್ಮೂರಿನಿಂದ ದೊಡ್ಡ ಶಾಲೆ ಐದು ಕಿಲೋಮೀಟರ್. ನಮ್ಮ ರಾಜ್ಯದ ನಿಯಮದಲ್ಲೇ ಐದನೇ ಕ್ಲಾಸಿನವರೆಗೆ ಒಂದು ಕಿಲೋಮೀಟರ್ ಒಳಗೆ, ಎಂಟರವರೆಗೆ ಮೂರು ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಅಂತಿದೆ. ಆರು ವರ್ಷದ ಮಗು ಹಳ್ಳ ದಾಟಿ ಹೋಗಬೇಕಾ? ಬಸ್ಸು ಕೊಡುತ್ತೇವೆ ಅನ್ನುತ್ತಾರೆ. ಬಸ್ಸು ಎರಡು ತಿಂಗಳು ಬಂದು ಆಮೇಲೆ ಡೀಸೆಲ್ ಇಲ್ಲ ಅಂದರೆ ಮೊದಲು ಮನೆಯಲ್ಲಿ ಉಳಿಯುವುದು ಹೆಣ್ಣುಮಕ್ಕಳು. ಅಣ್ಣನನ್ನು ಬೈಕಿನಲ್ಲಿ ಬಿಟ್ಟು ಬರುತ್ತಾರೆ. ತಂಗಿಗೆ "ಮುಂದಿನ ವರ್ಷ ನೋಡೋಣ".

ದೊಡ್ಡ ಶಾಲೆ ಬೇಡ ಅಂತಿಲ್ಲ. ಆರನೇ ಕ್ಲಾಸಿನಿಂದ ಹೋಗಲಿ. ಒಂದರಿಂದ ಐದು ಊರಲ್ಲೇ ಇರಲಿ, ಇಬ್ಬರು ಮೇಷ್ಟ್ರು ಇರಲಿ.

ಭೀಮಾ ದಂಡೆ:
ಹಳೇ ಬೆಂಚು ಅಣ್ಣಾರೆ, ನಮ್ಮ ಕಡೆ ಒಮ್ಮೆ ಬನ್ನಿ. ನಾನು ಯಾದಗಿರಿ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿ.

ದಸರಾ ರಜೆ ಮುಗಿದು ಶಾಲೆ ಶುರುವಾದಾಗ ಎಂಟನೇ ಕ್ಲಾಸಿನ ಬೆಂಚುಗಳು ಅರ್ಧ ಖಾಲಿ. ಹತ್ತಿ ಬಿಡಿಸುವ ಕಾಲ. ಕೆಲವರು ಊರ ಹೊಲದಲ್ಲೇ ಇರುತ್ತಾರೆ, ಸಂಜೆ ಸಿಗುತ್ತಾರೆ. ಕೆಲವರು ಮನೆಯವರ ಜೊತೆ ಗುಳೆ ಹೋಗಿರುತ್ತಾರೆ. ಬೆಂಗಳೂರು, ಮಂಗಳೂರು, ಗೋವಾ, ಎಲ್ಲಿ ಕಟ್ಟಡ ಕೆಲಸ ಇದೆಯೋ ಅಲ್ಲಿ. ಕೆಂಪು ಇಂಕಿನಲ್ಲಿ ಗೈರು ಹಾಕುತ್ತಾ ಹೋಗುತ್ತೇನೆ. ಹೆಸರು ಮಾತ್ರ ರಿಜಿಸ್ಟರಿನಲ್ಲಿ ಇರುತ್ತೆ, ಯಾಕೆಂದರೆ ತೆಗೆದರೆ ಮಗು ಶಾಲೆಯಿಂದ ಹೊರಗುಳಿದಿದೆ ಅಂತ ಆಗುತ್ತೆ, ದಾಖಲಾತಿಯೂ ಇಳಿಯುತ್ತೆ. ಯುಗಾದಿ ಹೊತ್ತಿಗೆ ವಾಪಸು ಬರುತ್ತಾರೆ. ಚೀಲದಲ್ಲಿ ಜೂನ್‌ನಲ್ಲಿ ಕೊಟ್ಟ ಪುಸ್ತಕ ಹೊಸದಾಗಿಯೇ ಇರುತ್ತೆ, ಹಾಳೆಗಳು ಅಂಟಿಕೊಂಡೇ ಇರುತ್ತವೆ. ವಾರ್ಷಿಕ ಪರೀಕ್ಷೆಗೆ ಕೂರುತ್ತಾರೆ. ಆ ಮಗುವಿನ ಅಂಕ ನನ್ನ ಪಾಠದ ಅಂಕನಾ, ಹತ್ತಿ ಹೊಲದ ಅಂಕನಾ?

ಇನ್ನು ನನ್ನ ಕಥೆ. ಅತಿಥಿ ಶಿಕ್ಷಕರನ್ನು ತೆಗೆದುಕೊಳ್ಳಿ ಅನ್ನುವ ಆದೇಶ ಎಷ್ಟೋ ಸಲ ಶಾಲೆ ಶುರುವಾದ ಮೇಲೆ ಬರುತ್ತೆ. ಅಲ್ಲಿಯವರೆಗೆ ಆ ವಿಷಯಕ್ಕೆ ಯಾರೂ ಇಲ್ಲ. 2025-26ಕ್ಕೆ ರಾಜ್ಯದಲ್ಲಿ 51 ಸಾವಿರ ಅತಿಥಿ ಶಿಕ್ಷಕರು. ಪ್ರಾಥಮಿಕಕ್ಕೆ 40 ಸಾವಿರ, ಪ್ರೌಢಶಾಲೆಗೆ 11 ಸಾವಿರ. ಗೌರವಧನ ಈಗ ಎರಡು ಸಾವಿರ ಏರಿದೆ. ಪ್ರಾಥಮಿಕಕ್ಕೆ 12 ಸಾವಿರ, ನಮಗೆ 12,500. ಬಿ.ಎಡ್ ಮಾಡಿದವರು ಇದನ್ನು ಎಷ್ಟು ವರ್ಷ ಮಾಡಬಹುದು ಹೇಳಿ. ನನ್ನ ಜೊತೆಗಿದ್ದ ಗಣಿತದ ಹುಡುಗ ಒಂದು ಗೋಡೌನಿಗೆ ಸೇರಿದ. ಸಂಬಳ ಅಲ್ಲಿ ಜಾಸ್ತಿ.

ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ಬಂದಿದೆ, ಕಲ್ಯಾಣ ಕರ್ನಾಟಕ ಅಭಿವೃದ್ಧಿ ಮಂಡಳಿಯ (ಕೆಕೆಆರ್‌ಡಿಬಿ) ದುಡ್ಡು ಬರುತ್ತಿದೆ, ಕಟ್ಟಡಗಳು ಎದ್ದಿವೆ. ಅದನ್ನು ಅಲ್ಲಗಳೆಯಲ್ಲ. 2002ರಲ್ಲಿ ಹಿಂದುಳಿದ ತಾಲ್ಲೂಕುಗಳ ಬಗ್ಗೆ ನಂಜುಂಡಪ್ಪ ಸಮಿತಿ ವರದಿ ಕೊಟ್ಟಾಗ ಇದ್ದ ಶಾಲೆಗಳಿಗೂ ಈಗಿನವಕ್ಕೂ ಹೋಲಿಕೆ ಇಲ್ಲ. ಆದರೆ ಕಟ್ಟಡ ಪಾಠ ಹೇಳಲ್ಲ.

ಹಳೇ ಬೆಂಚು:
ಮೇಡಂ, ನಿಮ್ಮಂಥವರ ಬಗ್ಗೆ ನಾನು ಹೇಳಿದ್ದಲ್ಲ. ಪೂರ್ತಿ ಸಂಬಳ ತೆಗೆದುಕೊಂಡು ಪೇಟೆಯಲ್ಲಿ ಮನೆ ಮಾಡಿಕೊಂಡು ಹನ್ನೊಂದು ಗಂಟೆಗೆ ಬರುವವರೂ ಇದ್ದಾರಲ್ಲ? ಅವರ ಮಕ್ಕಳು ಯಾವ ಶಾಲೆಯಲ್ಲಿ ಓದುತ್ತಿದ್ದಾರೆ ಕೇಳಿ.

ಮಲೆನಾಡ ಮೇಷ್ಟ್ರು:
ಇದ್ದಾರೆ ಸರ್. ಇಲ್ಲ ಅನ್ನಲ್ಲ. ನಮಗೂ ಅವರ ಮೇಲೆ ನಿಮಗಿಂತ ಜಾಸ್ತಿ ಸಿಟ್ಟಿದೆ, ಯಾಕೆಂದರೆ ಅವರ ಕ್ಲಾಸನ್ನೂ ನಾವೇ ನೋಡಿಕೊಳ್ಳಬೇಕು. ಆದರೆ ಶಾಲೆಯಲ್ಲಿ ಇರಬೇಕು ಅಂದರೂ ಬಿಡದ ಕೆಲಸಗಳಿವೆ. ಜನಗಣತಿ, ಚುನಾವಣೆ, ವಿಕೋಪ ಪರಿಹಾರ ಬಿಟ್ಟು ಬೇರೆ ಕೆಲಸ ಕೊಡಬಾರದು ಅಂತ ಆರ್‌ಟಿಇ 27ನೇ ಸೆಕ್ಷನ್ನಿನಲ್ಲಿ ಇದೆ. 2025ರಲ್ಲಿ ಮೇಷ್ಟ್ರುಗಳನ್ನು ಹಚ್ಚಿದ್ದ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆ ಮುಗಿಯಲಿಲ್ಲ ಅಂತ ಸರ್ಕಾರಿ, ಅನುದಾನಿತ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಮುಂದುವರಿಸಿದರು. ಪಕ್ಕದ ಖಾಸಗಿ ಶಾಲೆ ಮಕ್ಕಳಿಗೆ ಆ ಹೊತ್ತಿಗೆ ಪಾಠ ಶುರುವಾಗಿತ್ತು. ಮೇ ತಿಂಗಳ ಪಟ್ಟಿಯಲ್ಲಿ ಮಾತ್ರ ಇಬ್ಬರಿಗೂ ಒಂದೇ ಪ್ರಶ್ನೆಪತ್ರಿಕೆ.

ಪೀಣ್ಯ ಪೋಷಕ:
ನಾನು ಬೆಂಗಳೂರಿನ ಪೀಣ್ಯ ಕಡೆ ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್. ಮಕ್ಕಳು ಯಾರು ಅಂತ ಮೊದಲು ಕೇಳಿದ್ದಿರಲ್ಲ, ನಮ್ಮ ಏರಿಯಾದ ಸರ್ಕಾರಿ ಶಾಲೆಗೆ ಬಂದು ನೋಡಿ. ಅದೇ ಭೀಮಾ ದಂಡೆ ಮೇಡಂ ರಿಜಿಸ್ಟರಿನಲ್ಲಿ ಗೈರಾದ ಮಕ್ಕಳು ಇಲ್ಲಿ ಸಿಗುತ್ತಾರೆ. ಜೊತೆಗೆ ತೆಲುಗು, ತಮಿಳು, ಹಿಂದಿ, ಉರ್ದು ಮಾತಾಡುವ ಮನೆಯವರು. ಒಂದು ಕ್ಲಾಸಿನಲ್ಲಿ ಐದು ಭಾಷೆ. ಟೀಚರಮ್ಮ ಕನ್ನಡದಲ್ಲಿ ಕೇಳುತ್ತಾರೆ, ಮಗು ಹಿಂದಿಯಲ್ಲಿ ಉತ್ತರಿಸುತ್ತೆ, ಪಕ್ಕದ ಹುಡುಗಿ ತೆಲುಗಿನಲ್ಲಿ ತಿದ್ದುತ್ತಾಳೆ. ತಮಾಷೆ ಅಲ್ಲ, ಆ ಹುಡುಗಿಗೆ ಮೂರೂ ಬರುತ್ತೆ.

ನನ್ನ ದೊಡ್ಡ ಮಗ ಆರ್‌ಟಿಇ ಸೀಟಿನಲ್ಲಿ ಖಾಸಗಿ ಶಾಲೆಗೆ ಸೇರಿದ. ಬಡ ಮನೆಯ ಮಕ್ಕಳಿಗೆ ಅಂತ ಇಡುವ ಶೇ. 25 ಕೋಟಾದಲ್ಲಿ. ಚಿಕ್ಕವಳ ಸರದಿ ಬರುವ ಹೊತ್ತಿಗೆ ನಿಯಮ ಬದಲಾಗಿತ್ತು. 2019-20ರಿಂದ ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಇಲ್ಲ. ಅವಳು ಸರ್ಕಾರಿ ಶಾಲೆಯಲ್ಲೇ ಓದುತ್ತಿದ್ದಾಳೆ, ಇಂಗ್ಲಿಷ್ ಮೀಡಿಯಂ ಸೆಕ್ಷನ್. ಒಂದೇ ಮನೆ, ಒಂದೇ ಅಪ್ಪ ಅಮ್ಮ, ಎರಡು ಥರದ ಶಾಲೆ. ಎರಡರ ವ್ಯತ್ಯಾಸ ಹೇಳಬೇಕೆಂದರೆ, ಅವನ ಶಾಲೆಯಲ್ಲಿ ಹೋಂವರ್ಕ್ ಮಾಡಿಸಲು ಮನೆಯಲ್ಲಿ ಯಾರಾದರೂ ಇದ್ದಾರೆ ಅಂತಲೇ ಲೆಕ್ಕ. ನಾವು ಟ್ಯೂಷನ್‌ಗೆ ದುಡ್ಡು ಸುರಿದೆವು. ಇವಳ ಟೀಚರಿಗೆ ಮನೆಯಲ್ಲಿ ಯಾರೂ ಹೇಳಿಕೊಡಲ್ಲ ಅಂತ ಗೊತ್ತು, ಕ್ಲಾಸಿನಲ್ಲೇ ಬರೆಸಿ ಕಳಿಸುತ್ತಾರೆ.

ಬಯಲುಸೀಮೆಯವನು:
ಪೀಣ್ಯದವರೇ, ಈ ಮಾತಿಗಾಗಿಯೇ ಕಾಯುತ್ತಿದ್ದೆ. 86.46ಕ್ಕೂ 72.46ಕ್ಕೂ ನಡುವಿನ ಹದಿನಾಲ್ಕರಲ್ಲಿ ಟ್ಯೂಷನ್ ಎಷ್ಟು, ಓದಿದ ಅಮ್ಮ ಎಷ್ಟು, ಶಾಲೆ ಎಷ್ಟು ಅಂತ ಯಾರೂ ಬಿಡಿಸಿ ಹೇಳಿಲ್ಲ.

ಆರ್‌ಟಿಇ ಸೀಟು ಕಡಿತದ ಬಗ್ಗೆ ನನಗೆ ಎರಡು ಮನಸ್ಸು. ಸರ್ಕಾರ ತನ್ನ ಶಾಲೆ ಪಕ್ಕದಲ್ಲೇ ಇಟ್ಟುಕೊಂಡು ಖಾಸಗಿ ಶಾಲೆಗೆ ಮಗುವೊಂದಕ್ಕೆ ವರ್ಷಕ್ಕೆ 16 ಸಾವಿರದವರೆಗೆ ಕಟ್ಟುವುದು ವಿಚಿತ್ರವೇ. ಅದೇ ಹೊತ್ತಿಗೆ ಬಡವರಲ್ಲಿ ಸ್ವಲ್ಪ ಕೈಲಾಗುವವರು, ಅರ್ಜಿ ತುಂಬಲು ಗೊತ್ತಿದ್ದವರು ಸರ್ಕಾರಿ ಶಾಲೆ ಬಿಟ್ಟು ಹೋಗಿದ್ದೂ ನಿಜ. ಎಸ್‌ಡಿಎಂಸಿ ಮೀಟಿಂಗಿನಲ್ಲಿ ದನಿ ಎತ್ತುವವರು ಅವರೇ ಆಗಿದ್ದರು. ಆದರೆ ಸೀಟು ನಿಲ್ಲಿಸಿದ ಮೇಲೆ ಉಳಿದ ದುಡ್ಡು ಆ ಸರ್ಕಾರಿ ಶಾಲೆಗೆ ಹೋಗಬೇಕಿತ್ತಲ್ವಾ?

ಅರಳಿಕಟ್ಟೆ:
ಎಲ್ಲರೂ ಒಂದು ಮಾತು ಬಿಟ್ಟಿದ್ದೀರಿ. ಇಂಗ್ಲಿಷ್. ಜನ ಓಡುತ್ತಿರುವುದು ಖಾಸಗಿಗೆ ಅಂತಲ್ಲ, ಇಂಗ್ಲಿಷ್ ಮೀಡಿಯಂಗೆ. 2014ರ ಮೇ 6ರಂದು ಸುಪ್ರೀಂ ಕೋರ್ಟ್ ಮಾತೃಭಾಷಾ ಮಾಧ್ಯಮ ಹೇರುವಂತಿಲ್ಲ ಅಂದಿತು. ಅಲ್ಲಿಗೆ ಸರ್ಕಾರದ ಕೈ ಕಟ್ಟಿತು. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಸೆಕ್ಷನ್ ತೆರೆದಾಗ ಸಾಹಿತಿಗಳು ಬೈದರು, ಪೋಷಕರು ಕ್ಯೂ ನಿಂತರು. ನನಗೆ ಕನ್ನಡ ಮಾಧ್ಯಮದ ಮೇಲೆ ಪ್ರೀತಿ ಇದೆ. ಆದರೆ ಬೈದವರಲ್ಲಿ ಎಷ್ಟು ಜನರ ಮೊಮ್ಮಕ್ಕಳು ಕನ್ನಡ ಶಾಲೆಯಲ್ಲಿದ್ದಾರೆ ಅಂತ ಕೇಳಿದರೆ ಮಾತು ಬೇರೆ ಕಡೆ ಹೋಗುತ್ತೆ.

ಕಡತದ ಹುಳು:
ಅರಳಿಕಟ್ಟೆಯವರೇ, ಆ ಜಗಳ ಶುರುವಾದರೆ ಇದು ಇನ್ನೂರು ಉತ್ತರ ದಾಟುತ್ತೆ. ಕಲಿಕೆಗೆ ಬರೋಣ.

ನಾವು ಕಲಿಕೆ ಅನ್ನುವುದು ಯಾವುದನ್ನು? ಎಸ್ಸೆಸ್ಸೆಲ್ಸಿ ಶೇಕಡಾವಾರು ಎಷ್ಟು ನಂಬಬಹುದು ನೋಡಿ. 2023ರಲ್ಲಿ ರಾಜ್ಯದ ಫಲಿತಾಂಶ ಶೇ. 83.89. 2024ರಲ್ಲಿ ಪರೀಕ್ಷಾ ಕೇಂದ್ರಗಳಲ್ಲಿ ಸಿಸಿ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಬಂತು. ಫಲಿತಾಂಶ ನೆಲ ಕಚ್ಚಿತು. ಕೃಪಾಂಕವನ್ನು (ಗ್ರೇಸ್ ಮಾರ್ಕ್ಸ್) ಶೇ. 20ಕ್ಕೆ ಏರಿಸಿದ ಮೇಲೂ ಬಂದಿದ್ದು ಶೇ. 73.40. ಕೃಪಾಂಕ ಇಲ್ಲದಿದ್ದರೆ 53ರ ಆಸುಪಾಸು ನಿಲ್ಲುತ್ತಿತ್ತು. ಮಕ್ಕಳು ಒಂದೇ ವರ್ಷದಲ್ಲಿ ದಡ್ಡರಾದರಾ? ಇಲ್ಲ. ಹಿಂದಿನ ಅಂಕಿಗಳಲ್ಲಿ ನಕಲಿನ ಪಾಲು ಎಷ್ಟಿತ್ತು ಅಂತ ಕ್ಯಾಮೆರಾ ತೋರಿಸಿತು. ಅದೇ ವರ್ಷ ಗ್ರಾಮೀಣ ಮಕ್ಕಳು ಶೇ. 74.17, ನಗರದವರು ಶೇ. 72.83. ಹುಡುಗಿಯರು ಶೇ. 81.11, ಹುಡುಗರು ಶೇ. 65.90. ಈ ಕೊನೆಯ ಅಂತರ ನನ್ನನ್ನು ಜಿಲ್ಲಾ ಪಟ್ಟಿಗಿಂತ ಹೆಚ್ಚು ಕಾಡುತ್ತೆ. ಹುಡುಗರಿಗೆ ಏನಾಗುತ್ತಿದೆ ಅಂತ ಯಾಕೆ ಯಾರೂ ಕೇಳುತ್ತಿಲ್ಲ?

ಈಗ 2025-26ರಿಂದ ಪಾಸಾಗಲು ಒಟ್ಟು ಶೇ. 33 ಸಾಕು, 625ಕ್ಕೆ 206, ಪ್ರತಿ ವಿಷಯದಲ್ಲಿ ಕನಿಷ್ಠ ಶೇ. 30. ಫಲಿತಾಂಶ ಏರಿದರೆ ಕಲಿಕೆ ಏರಿತು ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಅಸರ್ ಸಮೀಕ್ಷೆ ಬೇರೆ ಥರ. ಅವರು ಶಾಲೆಗಲ್ಲ, ಹಳ್ಳಿಯ ಮನೆಗಳಿಗೇ ಹೋಗಿ ಎರಡನೇ ಕ್ಲಾಸಿನ ಮಟ್ಟದ ಒಂದು ಪಾಠ ಓದಿಸುತ್ತಾರೆ, ಒಂದು ಭಾಗಾಕಾರ ಕೊಡುತ್ತಾರೆ. ಅಂದು ಶಾಲೆಗೆ ಬಾರದ ಮಗುವೂ ಸಿಗುತ್ತೆ. ಕೇಂದ್ರದ ಪರಖ್ ಕಲಿಕಾ ಸಮೀಕ್ಷೆ 2024ರ ಡಿಸೆಂಬರ್ 4ರಂದು ಶಾಲೆಗಳಲ್ಲೇ 3, 6, 9ನೇ ಕ್ಲಾಸಿಗೆ ನಡೆಯಿತು. ಎರಡನ್ನೂ ಜೊತೆಗಿಟ್ಟು ಓದಬೇಕು. ಹತ್ತನೇ ಕ್ಲಾಸಿನಲ್ಲಿ ಬಿದ್ದ ಮಗು ಮೂರನೇ ಕ್ಲಾಸಿನಲ್ಲೇ ಓದಲು ತಡವರಿಸುತ್ತಿತ್ತು. ಹತ್ತನೇ ಕ್ಲಾಸಿನ ಮೇಷ್ಟ್ರಿಗೆ ನೋಟಿಸ್ ಕೊಟ್ಟರೆ ಏನು ಬಂತು?

ಭೀಮಾ ದಂಡೆ:
ನೂರಕ್ಕೆ ನೂರು ನಿಜ. ಎಂಟನೇ ಕ್ಲಾಸಿಗೆ ಬಂದವರಲ್ಲಿ ಕಾಗುಣಿತ ತಪ್ಪುವವರು ಎಷ್ಟೋ ಜನ. ಮರುಸಿಂಚನ ಅಂತ ಪರಿಹಾರ ಬೋಧನೆ ಇದೆ, ಒಳ್ಳೆಯದೇ. ಆದರೆ ಅದಕ್ಕೂ ನಾನೇ, ಸಿಲಬಸ್ಸಿಗೂ ನಾನೇ.

ಇನ್ನೊಂದು ಹೇಳಬೇಕು. ನಮ್ಮ ಭಾಗದ ಮಕ್ಕಳಿಗೆ ಬುದ್ಧಿ ಕಡಿಮೆ ಅನ್ನುವ ಥರ ಮಾತಾಡುತ್ತಾರಲ್ಲ, ಮೈ ಉರಿಯುತ್ತೆ. 2024ರಲ್ಲಿ ರಾಜ್ಯಕ್ಕೇ ಮೊದಲು ಬಂದು 625ಕ್ಕೆ 625 ತೆಗೆದ ಹುಡುಗಿ ಬಾಗಲಕೋಟೆ ಜಿಲ್ಲೆಯವಳು, ಮೊರಾರ್ಜಿ ದೇಸಾಯಿ ವಸತಿ ಶಾಲೆಯವಳು. ಸರ್ಕಾರಿ ವಸತಿ ಶಾಲೆ! ಅಲ್ಲಿ ಗುಳೆ ಇಲ್ಲ, ಹತ್ತಿ ಇಲ್ಲ, ಮೂರು ಹೊತ್ತು ಊಟ ಇದೆ, ರಾತ್ರಿ ಓದಲು ಲೈಟು ಇದೆ, ಕೇಳಲು ಟೀಚರ್ ಇದ್ದಾರೆ.

ತುಂಗಾ ತೀರ:
ಆದರೆ ಅಲ್ಲಿಗೆ ಪ್ರವೇಶ ಪರೀಕ್ಷೆ ಇದೆ ಮೇಡಂ. ಆರನೇ ಕ್ಲಾಸಿಗೇ ಆರಿಸಿ ತೆಗೆದುಕೊಳ್ಳುತ್ತಾರೆ. ಸರ್ಕಾರದ್ದೇ ಆದ ಆದರ್ಶ ವಿದ್ಯಾಲಯವೂ ಹಾಗೇ. ಚೆನ್ನಾಗಿ ಓದುವವರನ್ನೆಲ್ಲ ಮೇಲಿನಿಂದ ಎತ್ತಿಕೊಂಡ ಮೇಲೆ ಊರ ಶಾಲೆಯ ಶೇಕಡಾವಾರು ಇಳಿಯದೆ ಇನ್ನೇನು? ಮಲೆನಾಡ ಮೇಷ್ಟ್ರ ಶಾಲೆ ಬಡವಾಗುವುದು ಖಾಸಗಿಯವರಿಂದ ಮಾತ್ರ ಅಲ್ಲ ಅಂತ ಈಗ ಅನ್ನಿಸುತ್ತಿದೆ.

ಶಾಲೆ ಪಕ್ಕದ ಮನೆ:
ಮೊಟ್ಟೆ ಬಗ್ಗೆ ಹಳೇ ಬೆಂಚು ಅವರು ಹೇಳಿದ್ದಕ್ಕೆ ಒಂದು ಮಾತು. ಸರ್ಕಾರ ವಾರಕ್ಕೆ ಎರಡು ಕೊಡುತ್ತಿತ್ತು. 2024ರ ಸೆಪ್ಟೆಂಬರ್‌ನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರದ ಆರೂ ದಿನ. ಮೊಟ್ಟೆ ಬೇಡದವರಿಗೆ ಬಾಳೆಹಣ್ಣು. ಒಂದು ಮೊಟ್ಟೆಗೆ ಕೊಡುವುದು ಆರು ರೂಪಾಯಿ, ಸಾಗಣೆ, ಸುಲಿಯುವ ಕೂಲಿ ಎಲ್ಲ ಸೇರಿ. ಅಂಗಡಿಯಲ್ಲಿ ರೇಟು ಏರಿದ ದಿನ ಉಳಿದದ್ದನ್ನು ಹೆಡ್‌ಮಿಸ್ಟ್ರೆಸ್ ತಮ್ಮ ಪರ್ಸಿನಿಂದ ಕೊಡುತ್ತಾರೆ. ನಾನೇ ನೋಡಿದ್ದೇನೆ. ಶನಿವಾರವೂ ಹಾಜರಿ ಚೆನ್ನಾಗಿದೆ ಈಗ, ಅದಂತೂ ಖಂಡಿತ.

ಬಯಲುಸೀಮೆಯವನು:
ಇಷ್ಟೆಲ್ಲ ಓದಿದ ಮೇಲೆ ನನಗೆ ಅನ್ನಿಸುವುದನ್ನು ಹೇಳಿಬಿಡುತ್ತೇನೆ.

ನಮ್ಮಲ್ಲಿ ದುಡ್ಡು, ಮೇಷ್ಟ್ರು ಎರಡೂ ತಲೆ ಎಣಿಸಿ ಬರುತ್ತವೆ. ಪ್ರಾಥಮಿಕಕ್ಕೆ 30 ಮಕ್ಕಳಿಗೊಬ್ಬರು, ಅನುದಾನಕ್ಕೆ ಸ್ಲ್ಯಾಬು. ಯಾವ ತಲೆ ಅಂತ ಯಾರೂ ನೋಡಲ್ಲ. ಅಪ್ಪ ಅಮ್ಮ ಇಬ್ಬರೂ ಓದಿದ ಮಗುವೂ ಒಂದೇ, ನಾಲ್ಕು ತಿಂಗಳು ಗುಳೆ ಹೋಗಿ ಬಂದ ಮಗುವೂ ಒಂದೇ, ಮನೆಯಲ್ಲಿ ಕನ್ನಡವೇ ಇಲ್ಲದ ಮಗುವೂ ಒಂದೇ. ಕೆಲಸ ಮಾತ್ರ ಒಂದೇ ಅಲ್ಲ. ಗುಳೆ ಹೋಗಿ ಬಂದ ಹತ್ತು ಮಕ್ಕಳಿಗೆ ಒಬ್ಬ ಮೇಷ್ಟ್ರು ಜಾಸ್ತಿ ಬೇಕು. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಸೂತ್ರ ನಮ್ಮಲ್ಲಿ ಇಲ್ಲ. 371(ಜೆ) ಇಡೀ ಪ್ರದೇಶಕ್ಕೆ ಆ ಕೆಲಸ ಮಾಡಿತು. ಶಾಲೆ ಶಾಲೆಗೂ ಅದೇ ಬೇಕು. ಮಾಹಿತಿ ಇಲ್ಲ ಅನ್ನುವಂತಿಲ್ಲ. ಪ್ರತಿ ಮಗುವಿನ ಹೆಸರು, ಜಾತಿ, ಹಾಜರಿ, ಅಂಕ ಎಲ್ಲ ಎಸ್‌ಎಟಿಎಸ್‌ನಲ್ಲಿ ಕೂತಿದೆ. ಮಲೆನಾಡ ಮೇಷ್ಟ್ರು ಗೇಟಿನ ಹತ್ತಿರ ನಿಂತು ಹಾಕಿದ ಮಾಹಿತಿ ಅದು. ಅದರಿಂದ ಅವರಿಗೆ ಏನು ವಾಪಸು ಬಂತು?

ಹಾಗೆಯೇ ಜಿಲ್ಲೆ ಜಿಲ್ಲೆ ಹೋಲಿಸುವುದು ನಿಲ್ಲಿಸಿ, ಒಂದೇ ಶಾಲೆ ಹೋದ ವರ್ಷಕ್ಕಿಂತ ಎಷ್ಟು ಮುಂದೆ ಬಂತು ಅಂತ ನೋಡಲಿ. ಅಸರ್ ಥರದ ಒಂದು ಓದು, ಒಂದು ಲೆಕ್ಕ ಸಾಕು. ಮೂರನೇ ಕ್ಲಾಸಿನಲ್ಲಿ.

ಹಳೇ ಬೆಂಚು:
ನೀವು ಹೇಳುವ ಸೂತ್ರ ಬಂದರೆ, ಕಷ್ಟದ ಮಕ್ಕಳು ಜಾಸ್ತಿ ಅಂತ ತೋರಿಸಿ ದುಡ್ಡು ತರುವ ಶಾಲೆಗಳು ಹುಟ್ಟುತ್ತವೆ. ಈಗ ದಾಖಲಾತಿ ಜಾಸ್ತಿ ತೋರಿಸುವ ಹಾಗೆ. ಕಣ್ಗಾವಲು ಇಲ್ಲದೆ ದುಡ್ಡು ಬೇಡ ಅನ್ನುವುದು ನನ್ನ ಮಾತು. ಮೇಷ್ಟ್ರು ಎರಡನೆಯವರು ಬೇಕು ಅನ್ನುವುದಕ್ಕೆ ಮಾತ್ರ ನನ್ನ ತಕರಾರಿಲ್ಲ.

ಶಾಲೆ ಪಕ್ಕದ ಮನೆ:
ಕಣ್ಗಾವಲಿಗೆ ನಾವಿದ್ದೇವಲ್ಲ ಸರ್, ಎಸ್‌ಡಿಎಂಸಿ. ಆದರೆ ನಿಜ ಹೇಳಬೇಕೆಂದರೆ ನಮ್ಮಲ್ಲಿ ಅರ್ಧ ಜನಕ್ಕೆ ಅನುದಾನ ಎಷ್ಟು ಬಂತು ಅಂತಲೇ ಗೊತ್ತಿರಲ್ಲ. ಸಹಿ ಹಾಕು ಅಂದರೆ ಹಾಕುತ್ತಾರೆ. ಕಡತದ ಹುಳು ಸರ್, ನಮ್ಮ ಶಾಲೆಗೆ ಎಷ್ಟು ಬರಬೇಕು, ಎಷ್ಟು ಬಂದಿದೆ ಅಂತ ಎಲ್ಲಿ ನೋಡಬೇಕು? ನಾಡಿದ್ದು ಮೀಟಿಂಗ್ ಇದೆ.

ಕಡತದ ಹುಳು:
ಎಲ್ಲ ಶಾಲೆಗಳ ಮಾಹಿತಿ ಇರುವ ಯುಡೈಸ್ ಪ್ಲಸ್ ವೆಬ್‌ಸೈಟಿನಲ್ಲಿ ನಿಮ್ಮ ಶಾಲೆಯ 11 ಅಂಕಿಯ ಕೋಡ್ ಹಾಕಿ. ಕೋಡ್ ಸಾಮಾನ್ಯವಾಗಿ ಶಾಲೆಯ ಗೋಡೆ ಮೇಲೇ ಬರೆದಿರುತ್ತೆ. ಮಕ್ಕಳು, ಶಿಕ್ಷಕರು, ಕೋಣೆ, ಶೌಚಾಲಯ ಎಲ್ಲ ಬರುತ್ತೆ. ಮೊದಲು ಆ ಮಕ್ಕಳ ಸಂಖ್ಯೆ ಸರಿ ಇದೆಯಾ ನೋಡಿ, ಯಾಕೆಂದರೆ ಸ್ಲ್ಯಾಬು ನಿಂತಿರುವುದು ಅದರ ಮೇಲೆ. 30 ಮತ್ತು 31ರ ನಡುವೆ 15 ಸಾವಿರ ರೂಪಾಯಿ ವ್ಯತ್ಯಾಸ. ಆಮೇಲೆ ಮೀಟಿಂಗಿನಲ್ಲಿ ಎಸ್‌ಡಿಎಂಸಿ ಖಾತೆಯ ಪಾಸ್‌ಬುಕ್, ಕ್ಯಾಶ್‌ಬುಕ್ ಕೇಳಿ. ಸದಸ್ಯರಿಗೆ ತೋರಿಸಲೇಬೇಕು. ಶಾಲಾ ಅಭಿವೃದ್ಧಿ ಯೋಜನೆ ಬರೆಯುವುದೂ ನಿಮ್ಮದೇ ಸಮಿತಿಯ ಕೆಲಸ. ಎರಡನೇ ಶಿಕ್ಷಕರು ಬೇಕು ಅಂತ ಅದರಲ್ಲಿ ಬರೆದು, ಎಲ್ಲರ ಸಹಿ ಹಾಕಿಸಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಬಾಯಿಮಾತಿನಲ್ಲಿ ಹೇಳಿ ಬರಬೇಡಿ.